ಕೆಂಪು ಫೋನ್ ಬೂತಿನ ಹಳೇ ಬಣ್ಣ ತೆಗೆಯುವುದು ಹೇಗೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯಲ್ಲಿ. ಇಲ್ಲಿನ ಕೆಂಪು ಟೆಲಿಫೋನ್ ಬೂತನ್ನು ನಮ್ಮ ಪಂಚಾಯಿತಿ ಬಿಟಿ ಎಂಬ ಟೆಲಿಫೋನ್ ಕಂಪನಿಯಿಂದ 1 ಪೌಂಡಿಗೆ ಪಡೆದಿದೆ. ಫೋನ್ ತೆಗೆದುಕೊಂಡು ಹೋದರು, ಬೂತ್ ಉಳಿಯಿತು. ಸರಿಮಾಡಲು ನಾನೇ ಮುಂದೆ ಬಂದೆ. ತೀರ್ಥಹಳ್ಳಿಯಲ್ಲಿ ಅಪ್ಪ ಎಸ್‌ಟಿಡಿ ಬೂತ್ ಇಟ್ಟಿದ್ದರು. ದಿನಾ ಬೆಳಿಗ್ಗೆ ಅದರ ಗಾಜು ಒರೆಸುವುದು ನನ್ನ ಕೆಲಸ. ಅದು ಗುಜರಿಗೆ ಹೋದ ದಿನ ನಾನು ಊರಲ್ಲಿರಲಿಲ್ಲ. ಇದನ್ನಾದರೂ ಉಳಿಸಬೇಕು ಅಂತ ಆಸೆ.

ಇದು ಕೆ6 ಮಾದರಿ, ವಾಸ್ತುಶಿಲ್ಪಿ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ 1935ರಲ್ಲಿ ರೂಪಿಸಿದ್ದು. ಎರಕದ ಕಬ್ಬಿಣದ ಮೈ, ತೇಗದ ಬಾಗಿಲು. ಬುಡಕ್ಕೆ ತುಕ್ಕು ಹಿಡಿದಿದೆ, ಬಣ್ಣ ಹಪ್ಪಳದ ಹಾಗೆ ಏಳುತ್ತಿದೆ. ಈ ಶನಿವಾರ ಉಪ್ಪುಕಾಗದ ಹಿಡಿದು ಉಜ್ಜಿಬಿಡಲಾ?

ಕುಲುಮೆ:
ದಯವಿಟ್ಟು ಉಜ್ಜಬೇಡಿ! ಹಳೇ ಪದರಗಳಲ್ಲಿ ಸೀಸ ಇರಬಹುದು. ಆ ಧೂಳು ಮಕ್ಕಳಿಗೆ ತುಂಬಾ ಅಪಾಯ. ಮೊದಲು ಟೆಸ್ಟ್ ಕಿಟ್ ತಂದು ನೋಡಿ. ಸೀಸ ಇದ್ದರೆ ಬಣ್ಣ ಕರಗಿಸುವ ಲೇಪ ಹಚ್ಚಿ, ಒದ್ದೆ ಇರುವಾಗಲೇ ಕೆರೆದು ತೆಗೆಯಬೇಕು. ಕಬ್ಬಿಣ ಬರಿದಾದ ದಿನವೇ ಪ್ರೈಮರ್ ಬಳಿಯಿರಿ. ಒಂದು ರಾತ್ರಿ ಬಿಟ್ಟರೂ ಮತ್ತೆ ತುಕ್ಕು. ಕೆಂಪು ಅಂತ ಯಾವುದೋ ಕೆಂಪು ತರಬೇಡಿ, ‘ಕರಂಟ್ ರೆಡ್’ ಕೇಳಿ, ಸಂಖ್ಯೆ 539. ಬೂತ್ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದ್ದರೆ ಏನೇ ಬದಲಿಸುವ ಮೊದಲು ಅನುಮತಿ ಬೇಕು.

ಪುಸ್ತಕದಹುಳು:
ಅಕ್ಕಾ, ಒಳಗೆ ಏನಿಡ್ತೀರಿ? ಸಾಮರ್ಸೆಟ್‌ನ ವೆಸ್ಟ್‌ಬರಿ-ಸಬ್-ಮೆಂಡಿಪ್‌ನಲ್ಲಿ ಸಂಚಾರಿ ಗ್ರಂಥಾಲಯ ನಿಂತುಹೋದಾಗ ಊರವರು 2009ರಲ್ಲಿ ಬೂತನ್ನೇ ಗ್ರಂಥಾಲಯ ಮಾಡಿದರು. ನೀವೂ ಮಾಡಿ. ಗಾಳಿ ಆಡುವ ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ, ಪುಸ್ತಕ ಬೂಸಲು ಹಿಡಿಯುತ್ತದೆ.

ತುಂಗಾತೀರ:
ಕುಲುಮೆಯವರೇ, ನೀವು ಹೇಳಿದ್ದು ಒಳ್ಳೇದಾಯ್ತು. ಪರೀಕ್ಷೆ ಮಾಡಿದೆ, ಸೀಸ ಇದೆ. ಉಪ್ಪುಕಾಗದ ಒಳಗಿಟ್ಟೆ. ಲೇಪ ತರಿಸಿದ್ದೇನೆ.

ಪುಸ್ತಕದ ಆಸೆ ನನಗೂ ಜಾಸ್ತಿ ಇತ್ತು. ಆದರೆ ಇಲ್ಲಿಗೆ ಆಂಬುಲೆನ್ಸ್ ಬರುವುದು ತಡ. ಹೋದ ವರ್ಷ ಪಕ್ಕದ ಮನೆಯ ಅಜ್ಜ ಬಸ್ ಸ್ಟಾಪಿನಲ್ಲೇ ಕುಸಿದರು, ಉಳಿಯಲಿಲ್ಲ. ಹಾಗಾಗಿ ಒಳಗೆ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಇಡುತ್ತೇವೆ. ಚಳಿಯಲ್ಲಿ ಅದರ ಪೆಟ್ಟಿಗೆ ಬೆಚ್ಚಗಿರಬೇಕಂತೆ. ದೀಪದ ವಿದ್ಯುತ್ ಲೈನ್ ಇನ್ನೂ ಇದೆ, ಅದು ಸಾಕಾಗುತ್ತಾ ಅಂತ ಎಲೆಕ್ಟ್ರಿಷಿಯನ್ ನೋಡಲಿದ್ದಾರೆ. ಕೆಳಗೆ ಒಂದೇ ಒಂದು ಹಲಗೆ ಪುಸ್ತಕಕ್ಕೆ.

ಇನ್ನೊಂದು ವಿಷಯ. ಬಾಗಿಲು ಪೂರ್ತಿ ತೆರೆದು ಬಡಿಯದಂತೆ ಹಿಡಿಯುವ ಚರ್ಮದ ಪಟ್ಟಿ ಹರಿದಿದೆ. ಯಾರಾದರೂ ಹೊಲಿಸಿದ್ದೀರಾ? ಎಷ್ಟು ದಪ್ಪದ ಚರ್ಮ ಬೇಕು?