ಸಹಿ ಹಾಕೋ ಮೊದಲು: ಫ್ರೀಲ್ಯಾನ್ಸ್ ಫೋಟೊಗ್ರಾಫರ್‌ಗಳ ಅನುಭವ

ಧಾರವಾಡದಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ್ರಿ. ಆರು ವರ್ಷದಿಂದ ಒಂದು ಪತ್ರಿಕೆಗೆ ಫೋಟೊ ತಗದುಕೊಡಾಕತ್ತೀನಿ. ನೌಕರಿ ಅಲ್ಲ, ಒಂದೊಂದು ಅಸೈನ್‌ಮೆಂಟಿಗೆ ಇಷ್ಟು ಅಂತ. ಹೋದ ವಾರ ನಾಲ್ಕು ಪುಟದ ಇಂಗ್ಲಿಷ್ ಕರಾರು ಬಂತು. ಚಿತ್ರಗಳ ಎಲ್ಲಾ ಹಕ್ಕು ಕಾಯಂ ಅವರಿಗೇ, ಜಗತ್ತಿನ ಎಲ್ಲಾ ಕಡೆ. ಹೆಸರು ಹಾಕೋದು ಬಿಡೋದು ಅವರಿಷ್ಟ. ಯಾರಾದರೂ ಕೇಸು ಹಾಕಿದರೆ ಖರ್ಚು ನಂದು. ಇಷ್ಟು ದಿನ ಕೊಟ್ಟ ಚಿತ್ರಕ್ಕೂ ಇದೇ ಷರತ್ತು. ರೇಟು ಮಾತ್ರ ಹಳೇದೇ, 2,000 ರೂಪಾಯಿ. ಹತ್ತು ದಿನದಾಗ ಸಹಿ ಆಗದಿದ್ರ ಕೆಲಸ ಇಲ್ಲ ಅಂದಾರ. ಅರ್ಧ ಮನಿ ನಡಿಯೋದು ಇದರಿಂದನ. ಇಂಥಾದ್ದು ಕಂಡವರು ಏನು ಮಾಡಿದ್ರಿ, ಹೇಳ್ರಿ.

ಉಡುಪಿ ಕಡೆಯಿಂದ

ತಂಗಿ, ನಾನು ಅಂಥದ್ದಕ್ಕೆ ಸಹಿ ಹಾಕಿದವ. ಆಮೇಲೆ ಆದದ್ದು ಹೇಳ್ತೇನೆ.

ಯಕ್ಷಗಾನ ಬಯಲಾಟದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಒಂದು ರಾತ್ರಿ. ಬಣ್ಣದ ವೇಷದ ಹಿರಿಯ ಕಲಾವಿದರೊಬ್ಬರು ಕನ್ನಡಿ ಎದುರು ಕೂತು ಚುಟ್ಟಿ ಇಡ್ತಾ ಇದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಆ ಬಿಳಿ ಚುಕ್ಕೆಗಳು ಒಂದೊಂದಾಗಿ ಕೆನ್ನೆಯ ಮೇಲೆ ಏಳ್ತಾ ಇದ್ದವು. ನಾನು ಫ್ಲ್ಯಾಶ್ ಹಾಕದೆ ಮೂಲೆಯಲ್ಲಿ ಕೂತಿದ್ದೆ, ಎರಡು ಗಂಟೆಗಿಂತ ಹೆಚ್ಚೇ. ಒಂದು ಸಲ ಅವರು ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದರು. ಒಂದು ಕೆನ್ನೆ ರಾಕ್ಷಸನದ್ದು, ಇನ್ನೊಂದು ಮನೆಯಲ್ಲಿ ಚಾ ಕುಡಿಯುವ ಅಜ್ಜನದ್ದು. ಆ ಫ್ರೇಮ್ ಒಂದು ಲೇಖನಕ್ಕೆ ಹೋಯಿತು. 1,500 ರೂಪಾಯಿ ಬಂತು, ಖುಷಿಯೇ ಆಗಿತ್ತು.

ಎರಡು ವರ್ಷ ಕಳೆದು ಅವರ ಫೋನು: "ಮಾರಾಯ್ರೆ, ನನ್ನ ಮೋರೆಯನ್ನು ಪಾನ್ ಮಸಾಲದವರಿಗೆ ಮಾರಿದ್ದೀರಂತೆ, ಹೌದಾ?" ಕ್ಯಾಲೆಂಡರಿನಲ್ಲಿ ಬಂದಿತ್ತು. ಎಷ್ಟು ದುಡ್ಡು ಸಿಕ್ಕಿತು ಅಂತ ಮೇಳದವರೆಲ್ಲ ಅವರನ್ನು ಕೇಳ್ತಾ ಇದ್ದರಂತೆ. ನನಗೆ ಒಂದು ಪೈಸೆ ಬಂದಿರಲಿಲ್ಲ, ನನ್ನನ್ನು ಯಾರೂ ಕೇಳಿಯೂ ಇರಲಿಲ್ಲ. ಆದರೆ ಮೂರನೆಯವರಿಗೆ ಕೊಡಬಹುದು ಎನ್ನುವ ಸಾಲಿನ ಕೆಳಗೆ ನನ್ನದೇ ಸಹಿ ಉಂಟು. ಅವರಿಗೆ ಏನಂತ ಹೇಳುವುದು? ಆ ಚೌಕಿಗೆ ಮತ್ತೆ ಹೋಗಲಿಕ್ಕೆ ನನಗೆ ಮೂರು ವರ್ಷ ಬೇಕಾಯ್ತು.

ನಿಮ್ಮನ್ನು ನಂಬಿ ಕ್ಯಾಮೆರಾ ಎದುರು ಕೂತವರ ಹಕ್ಕೂ ಆ ಕಾಗದದಲ್ಲಿ ಹೋಗ್ತದೆ ತಂಗಿ.

ಬೆಂಗಳೂರಿನಿಂದ

ಮೇಡಂ, ಸಹಿ ಹಾಕಬೇಡಿ ಅನ್ನೋದು ಸರಿ. ಆದರೆ ಸಹಿ ಹಾಕದೆ ಸುಮ್ಮನಿದ್ದರೆ ಹಕ್ಕು ನಿಮ್ಮದೇ ಅಂದುಕೊಂಡರೆ ಮೋಸ ಹೋಗ್ತೀರ. ನಾನು ಹೋದೆ.

1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಓದಿ. ಫೋಟೊ ತೆಗೆದವರೇ ಮೊದಲ ಮಾಲೀಕರು, ಸರಿ. ಆದರೆ ಒಬ್ಬರು ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮಾಲೀಕರು. ಮದುವೆ ಫೋಟೊಗೂ ಇದೇ, ಪತ್ರಿಕೆಯ ಅಸೈನ್‌ಮೆಂಟಿಗೂ ಇದೇ. ಬಾಯಿಮಾತಲ್ಲಿ ಕೆಲಸ ಒಪ್ಪಿಕೊಂಡ ಪ್ರತಿ ಸಲವೂ ನಾವು ಹಕ್ಕು ಬಿಟ್ಟುಕೊಟ್ಟಿದ್ದೀವಿ, ಗೊತ್ತಿಲ್ಲದೆ. ಹಾಗಾಗಿ ಶೂಟಿಗೆ ಹೊರಡೋ ಮೊದಲು ನಾನೊಂದು ಮೇಲ್ ಹಾಕ್ತೀನಿ: "ಈ ಚಿತ್ರಗಳನ್ನು ಈ ಲೇಖನದ ಜೊತೆ, ಮುದ್ರಣದಲ್ಲೂ ವೆಬ್‌ಸೈಟಿನಲ್ಲೂ ಬಳಸಬಹುದು. ಕಾಪಿರೈಟ್ ನನ್ನದು. ಬೇರೆ ಬಳಕೆಗೆ ಬೇರೆ ಅನುಮತಿ, ಬೇರೆ ಹಣ. ಒಪ್ಪಿಗೆ ಇದ್ದರೆ ಉತ್ತರಿಸಿ." ಆ ಉತ್ತರಾನೇ ಒಪ್ಪಂದ. ಶೂಟ್ ಮುಗಿದ ಮೇಲೆ ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿ ಬರೆದರೆ ತಡವಾಯ್ತು.

ಇನ್ನು ನಿಮ್ಮ ಹಳೇ ಚಿತ್ರಗಳು. ಇವತ್ತೇ ಎರಡು ಫೋಲ್ಡರ್ ಮಾಡಿ. ಅವರು ಹೇಳಿ ತೆಗೆಸಿದ್ದು ಒಂದರಲ್ಲಿ, ನೀವೇ ತೆಗೆದಿಟ್ಟು ಆಮೇಲೆ ಕೊಟ್ಟಿದ್ದು ಇನ್ನೊಂದರಲ್ಲಿ. ಎರಡನೆಯದು ನಿಮ್ಮದು. ಹಿಂದಿನ ಚಿತ್ರಕ್ಕೂ ಅನ್ವಯ ಅಂತ ಅವರು ಬರೆದಿರೋದು ಮುಖ್ಯವಾಗಿ ಆ ಫೋಲ್ಡರ್ ಮೇಲೆ ಕಣ್ಣಿಟ್ಟೇ ಅಂತ ನನ್ನ ಅನುಮಾನ. ಹಕ್ಕು ವರ್ಗಾವಣೆ ನಿಮ್ಮ ಸಹಿ ಇಲ್ಲದೆ ಆಗಲ್ಲ, ಅದು 19ನೇ ಸೆಕ್ಷನ್. ಅದರಲ್ಲೇ ಇನ್ನೊಂದಿದೆ: ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಕಾಯಂ, ಇಡೀ ಜಗತ್ತು ಅಂತ ಒತ್ತಿ ಬರೆಸಿಕೊಳ್ಳೋದು ಅದಕ್ಕೇ.

ಹೆಸರಿನ ವಿಷಯ. ಹಕ್ಕು ಮಾರಿದ ಮೇಲೂ ಇದು ನಾನು ತೆಗೆದದ್ದು ಅಂತ ಹೇಳಿಕೊಳ್ಳೋ ಅಧಿಕಾರ 57ನೇ ಸೆಕ್ಷನ್ ಪ್ರಕಾರ ನಮ್ಮದೇ. 'ಚಿತ್ರ ಕೃಪೆ: ಅಂತರ್ಜಾಲ' ಅಂತ ನನ್ನ ಫೋಟೊ ಕೆಳಗೆ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಅಂತರ್ಜಾಲ ಬಿಸಿಲಲ್ಲಿ ನಿಂತು ಫೋಟೊ ತೆಗೆಯಲ್ಲ. ಮತ್ತೆ, ವಾಟ್ಸ್‌ಆ್ಯಪ್‌ನಲ್ಲಿ ಸಾದಾ ಫೋಟೊ ಥರ ಕಳಿಸಬೇಡಿ, ಫೈಲಿನೊಳಗೆ ಬರೆದಿಟ್ಟ ಹೆಸರು, ದಿನಾಂಕ ಎಲ್ಲಾ ಹೋಗಿಬಿಡುತ್ತೆ.

ಮೈಸೂರಿನಿಂದ, ಡಾರ್ಕ್‌ರೂಮ್ ಕಾಲದವನು

ನೋಡಮ್ಮ, ನಮ್ಮ ಕಾಲದಲ್ಲಿ ನೆಗೆಟಿವ್ ನಮ್ಮ ಕೈಯಲ್ಲಿರುತ್ತಿತ್ತು. ಇನ್ನೊಂದು ಪ್ರಿಂಟ್ ಬೇಕಾದರೆ ನಮ್ಮ ಬಾಗಿಲಿಗೇ ಬರಬೇಕಿತ್ತು. ಈ ಊರಿನವರೇ ಆದ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ಪತ್ರಿಕೆಯ ನೌಕರಿ ಬಿಟ್ಟು ಸ್ವತಂತ್ರವಾಗಿ ದುಡಿದು ಬಾಳಿದ್ದನ್ನು ಕಂಡು ನಮಗೂ ಧೈರ್ಯ ಬಂದಿತ್ತು. 1947ರಲ್ಲಿ ರಾಬರ್ಟ್ ಕಾಪಾ, ಕಾರ್ಟಿಯೆ-ಬ್ರೆಸೋನ್ ಮೊದಲಾದ ಫೋಟೊಗ್ರಾಫರ್‌ಗಳು ಸೇರಿ ಮ್ಯಾಗ್ನಂ ಎಂಬ ತಮ್ಮದೇ ಫೋಟೊ ಸಂಸ್ಥೆ ಕಟ್ಟಿದ್ದೂ ಚಿತ್ರದ ಹಕ್ಕು ಪತ್ರಿಕೆಗೆ ಹೋಗದೆ ತೆಗೆದವನಲ್ಲೇ ಉಳಿಯಲಿ ಎಂದೇ. ಅಂಥ ದೊಡ್ಡ ಹೆಸರಿನವರೂ ಒಬ್ಬೊಬ್ಬರಾಗಿ ನಿಲ್ಲಲಿಲ್ಲ.

ನಿನಗೆ ಬಂದ ಕಾಗದ ಇನ್ನೂ ಎಷ್ಟು ಜನಕ್ಕೆ ಬಂದಿದೆ, ವಿಚಾರಿಸು. ನಮಗೆ ಒಮ್ಮೆ ಹೀಗೇ ಬಂದಾಗ ಏಳು ಜನ ಒಂದೇ ಒಕ್ಕಣೆಯ ಪತ್ರವನ್ನು ಒಂದೇ ದಿನ ಕಳಿಸಿದೆವು. ಇಬ್ಬರು ಆಮೇಲೆ ಹೋಗಿ ಸಹಿ ಹಾಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಮನೆಯಲ್ಲಿ ಕಾಯಿಲೆ ಇತ್ತು. ಉಳಿದ ಐವರಿಗೆ ಕರಾರು ಬದಲಾಯಿತು.

ಹಿಂದೆ ಫೋಟೊ ವಿಭಾಗದಲ್ಲಿದ್ದವರಿಂದ

ನಾನು ಮೇಜಿನ ಆ ಕಡೆ ಕೂತಿದ್ದವಳು. ಅಂಥ ಕರಾರು ಕಾನೂನು ವಿಭಾಗದಿಂದ ಬರುತ್ತೆ, ಎಲ್ಲರಿಗೂ ಒಂದೇ ಪ್ರತಿ. ಕೇಳಿದವರಿಗೆ ಕೊಡೋಕೆ ಸಡಿಲವಾದ ಇನ್ನೊಂದು ಪ್ರತಿ ನಮ್ಮಲ್ಲಿತ್ತು. ಕೇಳಿದವರು ತೀರಾ ಕಡಿಮೆ, ನಾವಾಗಿ ತೋರಿಸುತ್ತಿರಲಿಲ್ಲ. ಇವತ್ತಿಗೂ ಅದು ನನಗೆ ಸರಿ ಅನ್ನಿಸಿಲ್ಲ. ಆಗಲ್ಲ ಅಂತಷ್ಟೇ ಬರೆಯಬೇಡಿ. ಒಪ್ಪದ ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ ನಿಮ್ಮ ಸಾಲು ಬರೆದು ಕಳಿಸಿ. ಸಂಪಾದಕರಿಗೆ ಮೇಲಿನವರ ಮುಂದೆ ಇಡೋಕೆ ಏನಾದರೂ ಬೇಕಲ್ಲ. ಕೇಸಿನ ಖರ್ಚಿನ ಸಾಲನ್ನು ಮಾತ್ರ ಯಾವ ಕಾರಣಕ್ಕೂ ಹಾಗೇ ಬಿಡಬೇಡಿ. ಅವರು ಕೊಟ್ಟ ತಪ್ಪು ಅಡಿಬರಹಕ್ಕೆ ನೀವು ಮನೆ ಮಾರಬೇಕಾದೀತು.

ಮತ್ತೆ ಧಾರವಾಡದಿಂದ, ಒಂಬತ್ತು ದಿನದ ನಂತರ

ಎಲ್ಲರಿಗೂ ಕೈಮುಗಿದೆ. ಮೈಸೂರಿನ ಹಿರಿಯರು ಹೇಳಿದ್ದಕ್ಕ ವಿಚಾರಿಸಿದೆ, ಬೆಳಗಾವಿ, ಗದಗ ಸೇರಿ ಇನ್ನೂ ನಾಲ್ಕು ಮಂದಿಗೆ ಬಂದಿತ್ತು. ಐದೂ ಮಂದಿ ಗೆರೆ ಎಳೆದು ಕಳಿಸಿದ್ವಿ. ಹಳೇ ಚಿತ್ರದ ಸಾಲು ತಗದಾರ. ಹೆಸರು ಹಾಕ್ತೀವಿ ಅಂದಾರ. ಕಾಯಂ ಅನ್ನೋದು ಎರಡು ವರ್ಷ ಆಗೇತಿ, ಕಾಪಿರೈಟ್ ನಮ್ಮ ಕಡೆನ ಇರತೈತಿ. ಕೇಸಿನ ಖರ್ಚಿನ ಮಾತು ಇನ್ನೂ ನಡದೈತಿ, ರೇಟು ಒಂದು ರೂಪಾಯಿನೂ ಏರಿಲ್ಲ. ಸಹಿ ಇನ್ನೂ ಹಾಕಿಲ್ಲ.

ನಾಳೆ ನವಲಗುಂದಕ್ಕ ಹೋಗಬೇಕು, ಜಮಖಾನ ನೇಯೋ ಹೆಣ್ಣುಮಕ್ಕಳ ಚಿತ್ರಕ್ಕ. ಬೆಂಗಳೂರಿನ ಅಣ್ಣಾರು ಬರೆದಂಗ ಮೇಲ್ ಹಾಕೀನಿ. ಒಪ್ಪಿಗೆ ಅಂತ ಉತ್ತರ ಬರೋತನಕ ಬಸ್ ಹತ್ತಂಗಿಲ್ಲ.