ಮೈಲೇಜ್ ಬಗ್ಗೆ ಮೆಕ್ಯಾನಿಕ್‌ಗೆ ಕೇಳಿ – ನಮ್ಮ ಕೊಡಗಿನ ಗಾಡಿ ಗ್ರೂಪ್

ಸುಂಟಿಕೊಪ್ಪದ ಸದಸ್ಯ: ಅಣ್ಣ, ನನ್ನ ಪೆಟ್ರೋಲ್ ಕಾರು ಲೀಟರಿಗೆ 17 ಕೊಡುತ್ತಿತ್ತು. ಈ ಮಳೆಗಾಲದಲ್ಲಿ 13ಕ್ಕೆ ಇಳಿದಿದೆ. ಏರ್ ಫಿಲ್ಟರ್ ಬದಲಾಯಿಸಬೇಕಾ?

ಮೆಕ್ಯಾನಿಕ್: ಮೊದಲು ಟಯರ್ ತಣ್ಣಗಿರುವಾಗ ಗಾಳಿ ನೋಡಿಸಿ. ಎಷ್ಟಿರಬೇಕು ಅಂತ ಗಾಡಿಯ ಪುಸ್ತಕದಲ್ಲಿದೆ. ಫಿಲ್ಟರ್ ಆಮೇಲೆ.

ಗೋಣಿಕೊಪ್ಪದ ಸದಸ್ಯ: ಟ್ಯಾಂಕಿಗೆ ಎರಡು ಕರ್ಪೂರ ಹಾಕಿದರೆ 5 ಕಿ.ಮೀ. ಜಾಸ್ತಿ ಬರುತ್ತಂತೆ. ಫಾರ್ವರ್ಡ್ ಬಂದಿದೆ.

ಮೆಕ್ಯಾನಿಕ್: ಕರ್ಪೂರ ದೇವರ ಮುಂದೆ ಹಚ್ಚಿ. ಟ್ಯಾಂಕಿಗೆ ಪೆಟ್ರೋಲ್ ಮಾತ್ರ.

ಕುಶಾಲನಗರದ ಸದಸ್ಯೆ: ಸರ್, 2012ರ ಗಾಡಿ. 20 ಪರ್ಸೆಂಟ್ ಎಥನಾಲ್ ಪೆಟ್ರೋಲ್‌ನಿಂದ ಮೈಲೇಜ್ ಇಳಿಯುತ್ತಾ?

ಸುಂಟಿಕೊಪ್ಪದ ಸದಸ್ಯ: ಗಾಳಿ ಸರಿ ಇದೆ ಅಣ್ಣ. ಮತ್ತೆ, ಮನೆಗೆ ಬಂದು ನಿಲ್ಲಿಸಿದಾಗ ಮುಂದಿನ ಎಡ ಚಕ್ರದ ಹತ್ತಿರ ಸುಟ್ಟ ವಾಸನೆ ಬರುತ್ತೆ.

ಮೆಕ್ಯಾನಿಕ್: ಇದನ್ನ ಮೊದಲೇ ಹೇಳಬಾರದಿತ್ತಾ? ಮೈಲೇಜ್ ಮಾತು ಆಮೇಲೆ. ಬ್ರೇಕ್ ಹಿಡಿದುಕೊಂಡಿರುವ ಹಾಗಿದೆ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡ್‌ಗಳಿಂದ ಒತ್ತಿ ಹಿಡಿಯೋದು ಕ್ಯಾಲಿಪರ್. ಅದರ ಪಿನ್ನಿನ ರಬ್ಬರ್ ಹರಿದರೆ ತೋಟದ ದಾರಿಯ ಕೆಸರು ನೀರು ಒಳಗೆ ಹೋಗಿ ತುಕ್ಕು ಹಿಡಿಯುತ್ತೆ, ಆಮೇಲೆ ನೀವು ಪೆಡಲ್ ಬಿಟ್ಟರೂ ಪ್ಯಾಡ್ ಡಿಸ್ಕನ್ನು ಬಿಡುವುದಿಲ್ಲ. ದಿನವಿಡೀ ಬ್ರೇಕ್ ಮೇಲೆ ಕಾಲಿಟ್ಟು ಓಡಿಸಿದ ಹಾಗೆ. ಪೆಟ್ರೋಲ್ ಕುಡಿಯದೆ ಇನ್ನೇನು? ಹೋದ ವಾರ ಇಂಥದ್ದೇ ಒಂದು ಬಿಚ್ಚಿದೆ, ಒಂದು ಪ್ಯಾಡ್ ತಗಡಿನವರೆಗೆ ಸವೆದಿತ್ತು, ಜೊತೆಯದ್ದು ಅರ್ಧ ಹಾಗೇ ಇತ್ತು. ಭಯ ಏನಂದ್ರೆ, ಆ ಬಿಸಿಗೆ ಬ್ರೇಕ್ ಆಯಿಲ್ ಕುದಿದು ಆವಿ ತುಂಬಿದರೆ ಇಳಿಜಾರಲ್ಲಿ ಪೆಡಲ್ ಸುಮ್ನೆ ಕೆಳಗೆ ಹೋಗುತ್ತೆ. ಪರೀಕ್ಷೆ ಮಾಡ್ತೇನೆ ಅಂತ ಓಡಿಸಬೇಡಿ. ಡಿಸ್ಕ್ ಮುಟ್ಟಲೂ ಬೇಡಿ, ಕೈ ಸುಡುತ್ತೆ.

ವಿರಾಜಪೇಟೆಯ ಸದಸ್ಯ: ಇಳಿಜಾರಲ್ಲಿ ನ್ಯೂಟ್ರಲ್ ಹಾಕಿ ಸ್ವಾಮಿ. ಮಡಿಕೇರಿಯಿಂದ ಸಂಪಾಜೆವರೆಗೆ ಖರ್ಚೇ ಇಲ್ಲ. 20 ವರ್ಷದಿಂದ ಜೀಪ್ ಓಡಿಸಿದ್ದೇನೆ.

ಸೋಮವಾರಪೇಟೆಯ ಸದಸ್ಯ: ಈಗಿನ ಗಾಡಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಳಿಜಾರಲ್ಲಿ ಪೆಟ್ರೋಲ್ ತಾನೇ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲೇ ಎಂಜಿನ್ ಕುಡಿಯೋದು.

ವಿರಾಜಪೇಟೆಯ ಸದಸ್ಯ: ಬೆಂಗಳೂರಿಂದ ವಾರಕ್ಕೊಮ್ಮೆ ಬರುವವರು ನಮಗೆ ಘಾಟಿ ಕಲಿಸಬೇಡಿ.

ಸೋಮವಾರಪೇಟೆಯ ಸದಸ್ಯ: ನಾನು ಇಲ್ಲೇ ಹುಟ್ಟಿದವನು. ನಿಮ್ಮ ಹಿಂದೆ ಬರುವ ಬಸ್ಸಿನವರನ್ನ ಕೇಳಿ ನೋಡಿ.

ಮೆಕ್ಯಾನಿಕ್: ಹತ್ತಿದ ಗೇರಲ್ಲೇ ಇಳಿಯಿರಿ. ನ್ಯೂಟ್ರಲ್ ಬೇಡ. ಜಗಳ ಇಲ್ಲಿ ಬೇಡ.

ಗೋಣಿಕೊಪ್ಪದ ಸದಸ್ಯ: ಕರ್ಪೂರ ಬೇಡ ಅಂದ್ರೆ ನುಸಿಗುಳಿಗೆ?

ಮೆಕ್ಯಾನಿಕ್: ಮೇಲೆ ಓದಿ.

ಕುಶಾಲನಗರದ ಸದಸ್ಯೆ: ಸರ್, ನನ್ನ ಎಥನಾಲ್ ಪ್ರಶ್ನೆ?

ಸುಂಟಿಕೊಪ್ಪದ ಸದಸ್ಯ: ನಾಳೆ ಮಕ್ಕಳನ್ನು ಶಾಲೆಗೆ ಬಿಟ್ಟು ಹಾಗೇ ಗಾಡಿ ತರಲಾ ಅಣ್ಣ?

ಮೆಕ್ಯಾನಿಕ್: ಮಕ್ಕಳನ್ನ ಬಸ್ಸಲ್ಲಿ ಕಳಿಸಿ. ಗಾಡಿ ಅಲ್ಲೇ ಇರಲಿ, ಸಾಮಾನು ಹಿಡ್ಕೊಂಡು ನಾನೇ ಬರ್ತೇನೆ.