ಎದೆನೀರು ಮತ್ತೆ ಮತ್ತೆ ತುಂಬುತ್ತಿದೆ: ಪೈಪ್ ಇಡಿಸಬೇಕಾ, ಟಾಲ್ಕ್ ಹಾಕಿಸಬೇಕಾ?

ದಾವಣಗೆರೆ ಮಗಳು: ಅಮ್ಮನಿಗೆ ಸ್ತನ ಕ್ಯಾನ್ಸರ್. ಬಲಗಡೆ ಶ್ವಾಸಕೋಶದ ಸುತ್ತ ನೀರು ತುಂಬುತ್ತಿದೆ. ಸೂಜಿ ಹಾಕಿ ತೆಗೆಸಿದರೂ ವಾರದೊಳಗೆ ಮತ್ತೆ ಏದುಸಿರು. ಮನೆಯಲ್ಲೇ ನೀರು ತೆಗೆಯುವ ಪೈಪ್ ಇಡಿಸಿ ಅಂತ ಒಬ್ಬ ಡಾಕ್ಟರ್, ಟಾಲ್ಕ್ ಪೌಡರ್ ಹಾಕಿ ಶ್ವಾಸಕೋಶವನ್ನು ಎದೆಗೋಡೆಗೆ ಅಂಟಿಸೋಣ ಅಂತ ಇನ್ನೊಬ್ಬರು. ಮಾಡಿಸಿದವರು ದಯವಿಟ್ಟು ಹೇಳಿ.

ಶಿವಮೊಗ್ಗದವನು: ನಮ್ಮ ಅಪ್ಪನಿಗೆ ಪೈಪ್. ನೀರು ತೆಗೆದ ಮೇಲೂ ಅವರ ಶ್ವಾಸಕೋಶ ಅರಳಲಿಲ್ಲ. ಎದೆಗೋಡೆಗೆ ತಾಗದಿದ್ದರೆ ಯಾವ ಪೌಡರ್ ಅಂಟಿಸುತ್ತದೆ? ಪೈಪ್ ಹಾಕುವುದು ಬೇಗ ಮುಗಿಯುತ್ತದೆ. ದುಡ್ಡು ಹೋಗುವುದು ಆಮೇಲೆ. ಪೈಪಿನಿಂದ ನೀರು ಎಳೆದುಕೊಳ್ಳುವ ವ್ಯಾಕ್ಯೂಮ್ ಬಾಟಲ್ ಒಂದಕ್ಕೆ ಮೂರು ಸಾವಿರದ ಮೇಲೆ ಕೊಟ್ಟೆವು. ಒಂದು ಸಲ ಬಳಸಿ ಬಿಸಾಡಬೇಕು. ದಿನ ಬಿಟ್ಟು ದಿನ ತೆಗೆದರೆ ತಿಂಗಳಿಗೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಡ್ರೆಸ್ಸಿಂಗ್ ಬೇರೆ. ನರ್ಸ್ ಬಂದರೆ ಪ್ರತಿ ಸಲ ಆರುನೂರು. ಇನ್ಶೂರೆನ್ಸಿನವರು ಪೈಪಿಗೆ ಕೊಟ್ಟು, ಬಾಟಲಿಗೆ ಕೈ ಎತ್ತಿದರು. ಕೊನೆಗೆ ಡಾಕ್ಟರೇ ಕನೆಕ್ಟರ್ ಕೊಟ್ಟು ಮಾಮೂಲಿ ಡ್ರೈನ್ ಬ್ಯಾಗಿಗೆ ಬಿಡುವುದನ್ನು ಕಲಿಸಿದರು. ಮಧ್ಯೆ ಪೈಪಿನ ಸುತ್ತ ಕೆಂಪಾಗಿ ಕೀವು, ಅದಕ್ಕೆ ಆ್ಯಂಟಿಬಯೋಟಿಕ್ ಬಿಲ್. ಆದರೂ ಅಪ್ಪ ಜಗಲಿಯಲ್ಲಿ ಕೂತು ಪೇಪರ್ ಓದಿದರು.

ಹುಬ್ಬಳ್ಳಿ ಸೊಸೆ: ನಮ್ಮ ಅತ್ತೆಗೆ ಅಂಟಿಸಿಯೇ ಬಿಟ್ಟೆವು. ಸ್ಟೆರೈಲ್ ಟಾಲ್ಕ್ ಸ್ಟಾಕ್ ಇಲ್ಲ ಅಂದರು, ಅದರ ಬದಲು ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಹಾಕಿದರು. ಅದರ ಬೆಲೆ ಪುಡಿಗಾಸು. ನೋವು ಮಾತ್ರ ಅಯ್ಯೋ! ರಾತ್ರಿಯಿಡೀ ಜ್ವರ, ನಡುಕ. ದಿನಕ್ಕೆ ಬರುವ ನೀರು 150 ಎಂಎಲ್‌ಗಿಂತ ಕಡಿಮೆ ಆಗುವವರೆಗೆ ಡ್ರೈನ್ ತೆಗೆಯಲಿಲ್ಲ. ಬೆಡ್ಡಿಗೆ ದಿನಕ್ಕೆ 2,800, ಊಟ ಸೇರಿಲ್ಲ. ಆದರೆ ನೀರು ಮತ್ತೆ ಬರಲೇ ಇಲ್ಲ. ಶಿವಮೊಗ್ಗದ ಅಣ್ಣ ಬಾಟಲಿಗೆ ಸುರಿದ ದುಡ್ಡಿನಲ್ಲಿ ನಮ್ಮದೆಲ್ಲಾ ಮುಗಿದುಹೋಯಿತು.

ಶಿವಮೊಗ್ಗದವನು: ಅಕ್ಕಾ, ಶ್ವಾಸಕೋಶ ಅರಳಲಿಲ್ಲ ಅಂತ ಮೊದಲೇ ಬರೆದಿದ್ದೇನೆ. ಓದದೆ ಲೆಕ್ಕ ಹೇಳಬೇಡಿ. ಪೈಪನ್ನೂ ಟಾಲ್ಕನ್ನೂ ಹೋಲಿಸಿದ 2017ರ ಆಂಪಲ್ ಅಧ್ಯಯನ ನೋಡಿ. ಪೈಪ್ ಇದ್ದವರೇ ಆಸ್ಪತ್ರೆಯಲ್ಲಿ ಕಡಿಮೆ ದಿನ ಇದ್ದದ್ದು.

ಹುಬ್ಬಳ್ಳಿ ಸೊಸೆ: ನೋಡಿದ್ದೇನೆ. 12 ದಿನದ ಬದಲು 10. ಏದುಸಿರು ಎರಡೂ ಕಡೆಯವರಿಗೆ ಒಂದೇ ಥರ ಇಳಿಯಿತು. ಅದನ್ನು ಯಾಕೆ ಬಿಟ್ಟಿರಿ?

ಮೈಸೂರು ರಿಟೈರ್ಡ್: ಎರಡೂ ಬೇಡ. ನಮ್ಮ ಮನೆಯವಳಿಗೆ ಮೊದಲು ಟಿಬಿ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಮೂತ್ರ ಕೆಂಪಾಯಿತೇ ಹೊರತು ನೀರು ಇಳಿಯಲಿಲ್ಲ. ಆ ಡಾಕ್ಟರ್ ಫೀಸ್ ವಾಪಸ್ ಕೊಡ್ತಾರಾ? ಆಮೇಲೆ ಎದೆನೀರನ್ನೇ ಪರೀಕ್ಷೆಗೆ ಕಳಿಸಿದಾಗ ಶ್ವಾಸಕೋಶದ ಕ್ಯಾನ್ಸರ್, ಅದರಲ್ಲಿ ಇಜಿಎಫ್‌ಆರ್ ಅನ್ನೋ ಜೀನ್‌ನ ಮ್ಯುಟೇಶನ್ ಅಂತ ಬಂತು. ಅದಕ್ಕೇ ಇರುವ ಜೆಫಿಟಿನಿಬ್ ಮಾತ್ರೆ ಶುರು ಮಾಡಿದ ಮೇಲೆ ನೀರು ತಾನಾಗಿ ಬತ್ತಿತು. ಮುಖದ ತುಂಬಾ ಗುಳ್ಳೆ, ಭೇದಿ. ಇರಲಿ, ಪೈಪಿನ ರಗಳೆ ಇಲ್ಲ.

ಹಾಸನ ಸಿಸ್ಟರ್: ಸಾರ್, ಇವರ ಅಮ್ಮನದು ಸ್ತನ ಕ್ಯಾನ್ಸರ್. ಆ ಮಾತ್ರೆ ಇಲ್ಲಿ ಯಾಕೆ? ಇನ್ನೊಂದು ಮಾತು. ‘ಪೂರ್ತಿ ತೆಗೆಯಿರಿ’ ಅಂತ ವಾರ್ಡಿನಲ್ಲಿ ನಮ್ಮ ಮೇಲೆ ಕೂಗಾಡುವವರೇ ಜಾಸ್ತಿ. ಒಂದೂವರೆ ಲೀಟರ್ ಹತ್ತಿರ ಬಂದಾಗ ನಿಲ್ಲಿಸುವುದು ಸುಮ್ನೆ ಅಲ್ಲ. ಮುದುಡಿದ ಶ್ವಾಸಕೋಶ ಒಮ್ಮೆಲೇ ಅರಳಿದರೆ ಅದರೊಳಗೇ ನೀರು ಇಳಿಯಬಹುದು.

ಕುಣಿಗಲ್ ಅಣ್ಣ: ಇಷ್ಟೆಲ್ಲಾ ಯಾಕೆ? ಬಾರ್ಲಿ ನೀರು ಕೊಡಿ, ಮೂತ್ರದಲ್ಲಿ ಹೋಗುತ್ತೆ. ನಮ್ಮ ಮಾವನಿಗೆ ಇಳಿದಿದೆ.

ಹಾಸನ ಸಿಸ್ಟರ್: ಮಾವನಿಗೆ ಕ್ಯಾನ್ಸರಾ, ಹಾರ್ಟ್ ತೊಂದರೆಯಾ?

ಕುಣಿಗಲ್ ಅಣ್ಣ: ಹಾರ್ಟ್. ನೀರು ನೀರೇ ಅಲ್ವಾ?

ಹಾಸನ ಸಿಸ್ಟರ್: ಅಲ್ಲ! ಕ್ಯಾನ್ಸರ್ ನೀರಿಗೆ ಮೂತ್ರದ ಮಾತ್ರೆಯೇ ಕೆಲಸ ಮಾಡಲ್ಲ, ಇನ್ನು ಬಾರ್ಲಿ. ದಾವಣಗೆರೆಯವರೇ, ನೀರು ತೆಗೆದ ಮೇಲಿನ ಎಕ್ಸ್‌ರೇಯಲ್ಲಿ ಶ್ವಾಸಕೋಶ ಅರಳಿತ್ತಾ?

ದಾವಣಗೆರೆ ಮಗಳು: ಹೌದು ಸಿಸ್ಟರ್, ಅರಳಿದೆ ಅಂದರು.

ಹುಬ್ಬಳ್ಳಿ ಸೊಸೆ: ಹಾಗಾದರೆ ಅಂಟಿಸಿ ಬಿಡಿ ತಂಗಿ. ಬಾಟಲ್ ಅಂಗಡಿ ಇಟ್ಟವರ ಮಾತು ಕೇಳಬೇಡಿ.

ಶಿವಮೊಗ್ಗದವನು: ನೋವಿನ ಇಂಜೆಕ್ಷನ್ ಬಿಲ್ ಎಷ್ಟಾಯಿತು ಅನ್ನೋದನ್ನೂ ಬರೆಯಿರಿ ಅಕ್ಕಾ. ಅದು ಮಾತ್ರ ಪುಡಿಗಾಸಿನಲ್ಲಿ ಬರಲಿಲ್ಲ ಅಲ್ವಾ?